ಎಎ ಮೀಟಿಂಗ್ ಹುಡುಕುವುದು ಹೇಗೆ, ಒಳಗೆ ಹೋಗಿ ಕೂರುವುದು ಹೇಗೆ

ವಿಳಾಸ ಹಿಡಿದು ಬಂದರೆ ಕಾಂಪೌಂಡ್ ಸಿಗುತ್ತದೆ, ಬೋರ್ಡ್ ಸಿಗುವುದಿಲ್ಲ. ಎಎ ಅಂದರೆ ಆಲ್ಕೋಹಾಲಿಕ್ಸ್ ಅನಾನಿಮಸ್, ಕುಡಿತ ಬಿಡಲು ಕುಡುಕರೇ ಒಬ್ಬರಿಗೊಬ್ಬರು ನೆರವಾಗುವ ಕೂಟ. ಬೆಂಗಳೂರಿನಲ್ಲಿ ಮೊದಲ ಸಲ ಎಎ ಮೀಟಿಂಗಿಗೆ ಬರುವವರು ಸೋಲುವುದು ಇಲ್ಲೇ. ಗೇಟಿನ ತನಕ ಬಂದು, ಎರಡು ಸಲ ಆ ಕಡೆ ಈ ಕಡೆ ಓಡಾಡಿ, ಯಾರನ್ನು ಏನಂತ ಕೇಳುವುದು ಎಂದು ಗೊತ್ತಾಗದೆ ಹೊರಟುಬಿಡುತ್ತಾರೆ. ಹೋಗುವ ದಾರಿಯಲ್ಲಿ ಬಾರ್ ಇದ್ದೇ ಇರುತ್ತದೆ, ಅದಕ್ಕೆ ಬೋರ್ಡೂ ಇರುತ್ತದೆ, ಲೈಟೂ ಇರುತ್ತದೆ.

ನಾನು ಬಸವನಗುಡಿ ಕಡೆ ಬ್ಲೌಸ್ ಹೊಲಿಯುವ ಟೈಲರ್. ಕುಡಿತ ಬಿಟ್ಟು ಹಲವು ವರ್ಷವಾಯಿತು. ನಮ್ಮ ಗುಂಪಿನಲ್ಲಿ ಬೇಗ ಬಂದು ಕುರ್ಚಿ ಹಾಕುವುದು, ಟೀ ಕಾಯಿಸುವುದು ನನ್ನ ಪಾಲಿನ ಕೆಲಸ. ಗೇಟಿನ ಹತ್ತಿರ ಫೋನ್ ನೋಡುವ ಹಾಗೆ ನಿಂತಿರುವವರನ್ನು ಒಳಗೆ ಕರೆಯುವುದೂ ಅದರಲ್ಲೇ ಬಂತು. ಹೆಸರು ಹಾಕುವುದಿಲ್ಲ, ಎಎಯವರು ಹೀಗೆ ನಾಲ್ಕು ಜನ ಓದುವ ಕಡೆ ಹೆಸರು ಹಾಕಿಕೊಳ್ಳಬಾರದು ಎಂಬ ಸಂಪ್ರದಾಯವಿದೆ. ಎಎ ಪರವಾಗಿಯೂ ಬರೆಯುತ್ತಿಲ್ಲ. ಗೇಟಿನಲ್ಲಿ ನಿಂತವರು ನನ್ನನ್ನು ಏನು ಕೇಳುತ್ತಾರೋ ಅದಕ್ಕೆ ಉತ್ತರ ಬರೆಯುತ್ತಿದ್ದೇನೆ, ಅಷ್ಟೇ.

ಮೊದಲು ದೇಹದ ವಿಚಾರ

ಮೀಟಿಂಗ್ ಎಲ್ಲಿ ಎಂದು ಹೇಳುವ ಮುಂಚೆ ಇದನ್ನು ಹೇಳಲೇಬೇಕು. ದಿನಾ ಕುಡಿಯುವವರು, ಬೆಳಿಗ್ಗೆ ಎದ್ದ ಕೂಡಲೇ ಒಂದು ನೈಂಟಿ ಬೇಕು ಎನ್ನುವವರು, "ಇವತ್ತಿನಿಂದ ಬಂದ್" ಎಂದು ಮನೆಯಲ್ಲಿ ಕೂತುಬಿಡಬೇಡಿ. ದೇಹ ಎಣ್ಣೆಗೆ ಒಗ್ಗಿಹೋಗಿರುತ್ತದೆ. ಕೊನೆಯ ಪೆಗ್ ಆಗಿ ಕೆಲವು ಗಂಟೆಯಲ್ಲೇ ಕೈ ನಡುಗುತ್ತದೆ, ಬೆವರುತ್ತದೆ, ನಿದ್ದೆ ಬರುವುದಿಲ್ಲ. ಮೊದಲ 2 ದಿನದೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ಹೊತ್ತಿಗೆ ಕೆಲವರಿಗೆ ಸನ್ನಿ ಹಿಡಿದ ಹಾಗಾಗುತ್ತದೆ. ಗೋಡೆ ಮೇಲೆ ಹುಳ ಹರಿದಾಡುತ್ತಿದೆ ಎನ್ನುತ್ತಾರೆ, ಇಲ್ಲದವರ ಜೊತೆ ಮಾತಾಡುತ್ತಾರೆ. ಸರಿಯಾದ ಚಿಕಿತ್ಸೆ ಸಿಗದಿದ್ದರೆ ಜೀವ ಹೋಗಬಹುದು. ಇದು ಹೆದರಿಸಲು ಹೇಳುವ ಮಾತಲ್ಲ.

ನನಗೆ ಬೆಳಿಗ್ಗೆ ಸೂಜಿಗೆ ದಾರ ಪೋಣಿಸಲು ಆಗುತ್ತಿರಲಿಲ್ಲ. ದಾರದ ತುದಿಯನ್ನು ನಾಲಿಗೆಯಲ್ಲಿ ಒದ್ದೆ ಮಾಡಿ, ಮೊಣಕೈಯನ್ನು ಮೆಷಿನ್ ಮೇಲೆ ಒತ್ತಿ ಹಿಡಿದರೂ ತುದಿ ಸೂಜಿಯ ಆ ಕಡೆ ಈ ಕಡೆ ಹೋಗುತ್ತಿತ್ತು. ಕಾಜಾ ಮಾಡುವ ಹುಡುಗ ನೋಡಿಯೂ ನೋಡದ ಹಾಗೆ ಎದ್ದು ಬಂದು ಪೋಣಿಸಿಕೊಟ್ಟು ಹೋಗುತ್ತಿದ್ದ. ಒಂದು ಕ್ವಾರ್ಟರ್ ಒಳಗೆ ಹೋದರೆ ಕೈ ನಿಲ್ಲುತ್ತಿತ್ತು. ನಿಮಗೂ ಹೀಗೆ ಆಗುತ್ತಿದ್ದರೆ ಮೊದಲು ಡಾಕ್ಟರು, ಆಮೇಲೆ ಮೀಟಿಂಗು. ಎರಡೂ ಒಟ್ಟಿಗೆ ನಡೆದರೆ ಇನ್ನೂ ಒಳ್ಳೆಯದು.

ಬೆಂಗಳೂರಿನಲ್ಲಿ ನಿಮ್ಹಾನ್ಸ್‌ನಲ್ಲಿ ಇದಕ್ಕೇ ಅಂತ ವ್ಯಸನ ಚಿಕಿತ್ಸಾ ವಿಭಾಗವಿದೆ. ಬೇರೆ ಊರಿನವರು ಜಿಲ್ಲಾಸ್ಪತ್ರೆಯಲ್ಲಿ ಮಾನಸಿಕ ರೋಗದ ಡಾಕ್ಟರನ್ನು ಕೇಳಿ. "ನಾನೇನು ಹುಚ್ಚನಾ?" ಎಂದು ಮುಖ ಸಿಂಡರಿಸಬೇಡಿ. ಕೈ ನಡುಕಕ್ಕೆ, ಫಿಟ್ಸ್ ಬರದ ಹಾಗೆ ನೋಡಿಕೊಳ್ಳಲು ಮಾತ್ರೆ ಗೊತ್ತಿರುವುದು ಅವರಿಗೆ. ಎಲ್ಲಿ ಹೋಗಬೇಕು ಎಂದೇ ಗೊತ್ತಿಲ್ಲದಿದ್ದರೆ ಎರಡು ಸರ್ಕಾರಿ ನಂಬರ್ ಇವೆ. 14416 ಟೆಲಿ ಮನಸ್, ಮಾನಸಿಕ ಆರೋಗ್ಯದ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು. 14446 ದುಶ್ಚಟ ಬಿಡಿಸುವ ಸಹಾಯವಾಣಿ. ಫಿಟ್ಸ್ ಬಂದರೆ, ಮಾತು ದಿಕ್ಕು ತಪ್ಪಿದರೆ ಇವೆರಡೂ ಬೇಡ, ನೇರ 108.

ಇನ್ನೊಂದು, ಇದು ಹೆಂಡತಿ, ಅಮ್ಮಂದಿರಿಗೆ. ಕರೆಂಟ್ ಕಂಬದ ಮೇಲೆ "ಕುಡುಕರಿಗೆ ತಿಳಿಯದಂತೆ ಕುಡಿತ ಬಿಡಿಸಲಾಗುವುದು" ಎಂಬ ಚೀಟಿ ಅಂಟಿಸಿರುತ್ತಾರಲ್ಲ, ಆ ಪುಡಿಯನ್ನು ಸಾರಿನಲ್ಲಿ ಕಲಸಬೇಡಿ. ಕುಡಿದರೆ ವಾಂತಿಯಾಗುವಂತೆ ಮಾಡುವ ಡೈಸಲ್ಫಿರಾಮ್ ಎಂಬ ಮಾತ್ರೆ ನಿಜವಾಗಿ ಇದೆ. ಆದರೆ ಅದನ್ನು ಡಾಕ್ಟರು ಪರೀಕ್ಷೆ ಮಾಡಿ, ತಗೊಳ್ಳುವವರಿಗೆ ಹೇಳಿಯೇ ಕೊಡಬೇಕು. ಗೊತ್ತಿಲ್ಲದೆ ಅದರ ಮೇಲೆ ಕುಡಿದರೆ ಬಿಪಿ ಕುಸಿದು ಪ್ರಾಣಕ್ಕೇ ಬರಬಹುದು.

ಎಲ್ಲಿ ಹುಡುಕುವುದು

ಫೋನಿನಲ್ಲಿ "ಎಎ ಇಂಡಿಯಾ" ಎಂದು ಹುಡುಕಿದರೆ ಮುಂಬೈಯಲ್ಲಿರುವ ಅವರ ಜನರಲ್ ಸರ್ವಿಸ್ ಆಫೀಸಿನ ವೆಬ್‌ಸೈಟ್ ಸಿಗುತ್ತದೆ. ಅಲ್ಲಿಂದ ನಿಮ್ಮ ಊರಿನ ಮೀಟಿಂಗ್ ಪಟ್ಟಿ, ಫೋನ್ ನಂಬರ್ ಹಿಡಿಯಬಹುದು. ಪಟ್ಟಿಯನ್ನು ಪೂರ್ತಿ ನಂಬಿ ಹೊರಡಬೇಡಿ. ಗುಂಪುಗಳು ಜಾಗ ಬದಲಿಸುತ್ತಿರುತ್ತವೆ, ಶಾಲೆಗೆ ಪರೀಕ್ಷೆ ಬಂದರೆ ರೂಮು ಸಿಗುವುದಿಲ್ಲ. ಫೋನ್ ಮಾಡಿಯೇ ಹೊರಡಿ.

ಫೋನ್ ಮಾಡಲು ನಾಚಿಕೆ, ನನಗೆ ಗೊತ್ತು. ಆದರೆ ಆ ಕಡೆ ಎತ್ತುವವರು ಸಂಬಳದ ಜನ ಅಲ್ಲ, ಕುಡಿದು ಬಿಟ್ಟವರೇ. "ನನಗೆ ಕುಡಿತದ ತೊಂದರೆ ಇದೆ, ಮೀಟಿಂಗಿಗೆ ಬರಬೇಕು" ಅಂದರೆ ಸಾಕು. ಹೆಸರು ಹೇಳಲೇಬೇಕು ಅಂತಿಲ್ಲ. ನೀವು ಕೇಳಿಕೊಳ್ಳಬೇಕಾದ್ದು ಸ್ವಲ್ಪ ಇದೆ. ಮೀಟಿಂಗ್ ಕನ್ನಡದಲ್ಲಾ, ಇಂಗ್ಲಿಷ್‌ನಲ್ಲಾ, ತಮಿಳಲ್ಲಾ? ಬೆಂಗಳೂರಿನಲ್ಲಿ ಇದು ತುಂಬಾ ಮುಖ್ಯ. ಓಪನ್ ಮೀಟಿಂಗಾ, ಕ್ಲೋಸ್ಡ್ ಮೀಟಿಂಗಾ? ಓಪನ್‌ಗೆ ಮನೆಯವರೂ ಬರಬಹುದು. ಕ್ಲೋಸ್ಡ್ ಅಂದರೆ ಕುಡಿತ ಬಿಡಬೇಕು ಅನ್ನುವವರಿಗೆ ಮಾತ್ರ. ಯಾವ ಗೇಟು, ಯಾವ ಮಹಡಿ, ಯಾವ ರೂಮು? ಕೊನೆಗೆ, "ಗೇಟಿನ ಹತ್ತಿರ ಯಾರಾದರೂ ನಿಂತಿರ್ತೀರಾ?" ಎಂದು ಕೇಳಿ. ನಿಂತಿರುತ್ತಾರೆ. ಹೀಗೆ ಕೇಳಿಕೊಂಡು ಬಂದವರು ವಾಪಸ್ ಹೋಗುವುದು ಕಮ್ಮಿ.

ಜಾಗದ ಬಗ್ಗೆ ಒಂದು ಮಾತು. ಸುಮಾರು ಗುಂಪುಗಳು ಚರ್ಚಿನ ಕಾಂಪೌಂಡಿನಲ್ಲೋ, ಅದಕ್ಕೆ ಸೇರಿದ ಶಾಲೆಯಲ್ಲೋ ಸೇರುತ್ತವೆ. "ಅಣ್ಣಾ, ಇದು ಮತಾಂತರ ಅಲ್ವಾ ತಾನೇ?" ಎಂದು ನನ್ನ ಕಿವಿಯಲ್ಲಿ ಕೇಳಿದವರಿದ್ದಾರೆ. ಅಲ್ಲ. ಸಂಜೆ ಹೊತ್ತು ಖಾಲಿ ಇರುವ, ಕಮ್ಮಿ ಬಾಡಿಗೆಯ ರೂಮು ಅಲ್ಲಿ ಸಿಗುತ್ತದೆ, ವಿಷಯ ಅಷ್ಟೇ. ನಮ್ಮ ಗುಂಪಿನಲ್ಲಿ ವಿಭೂತಿಯವರು, ನಾಮದವರು, ಟೋಪಿಯವರು, ದೇವರೇ ಇಲ್ಲ ಎನ್ನುವವರು ಪಕ್ಕ ಪಕ್ಕ ಕೂರುತ್ತಾರೆ. ಕುಡಿತ ಬಿಟ್ಟು ಬದುಕಲು ಎಎ ಹೇಳುವ ದಾರಿಗೆ ಹನ್ನೆರಡು ಹೆಜ್ಜೆಗಳು ಎನ್ನುತ್ತಾರೆ. ಅದರಲ್ಲಿ ದೇವರ ಮಾತು ಬರುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಅದು "ನಾವು ತಿಳಿದುಕೊಂಡಂಥ ದೇವರು". ಕೆಲವರಿಗೆ ಅದು ಮನೆದೇವರು, ಕೆಲವರಿಗೆ ಆ ಗುಂಪೇ.

ಮೊದಲ ಸಂಜೆ

ಮೀಟಿಂಗ್ ಸಾಮಾನ್ಯವಾಗಿ ಒಂದರಿಂದ ಒಂದೂವರೆ ಗಂಟೆ. ಹತ್ತು ನಿಮಿಷ ಮುಂಚೆ ಬನ್ನಿ, ತಡವಾಗಿ ಬಂದರೆ ಎಲ್ಲರೂ ತಿರುಗಿ ನೋಡಿದ ಹಾಗೆ ಅನಿಸುತ್ತದೆ. ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂರಿ. ಹೊಸಬರೆಲ್ಲ ಅಲ್ಲೇ ಕೂರುವುದು, ಅದಕ್ಕೇ ಅಲ್ಲಿ ಎರಡು ಕುರ್ಚಿ ಜಾಸ್ತಿ ಹಾಕಿರುತ್ತೇನೆ.

ಮುಂದೆ ಒಂದು ಮೇಜು, ಅದರ ಮೇಲೆ ಪುಸ್ತಕ, ಕನ್ನಡದ ಕೆಲವು ಹ್ಯಾಂಡ್‌ಬಿಲ್. ಗೋಡೆಗೆ ಹನ್ನೆರಡು ಹೆಜ್ಜೆಗಳ ಬ್ಯಾನರ್. ಆ ದಿನ ಮೀಟಿಂಗ್ ನಡೆಸುವವರು ಮೇಜಿನ ಹಿಂದೆ ಕೂರುತ್ತಾರೆ. ಅವರು ಅಧ್ಯಕ್ಷರೂ ಅಲ್ಲ, ಗುರುವೂ ಅಲ್ಲ. ಹೋದ ವಾರ ಬೇರೆಯವರು ನಡೆಸಿದ್ದರು, ಮುಂದಿನ ವಾರ ಇನ್ನೊಬ್ಬರು. ಶುರುವಿನಲ್ಲಿ ಒಂದು ಚಿಕ್ಕ ಪ್ರಾರ್ಥನೆ. ಬದಲಾಯಿಸಲು ಆಗದ್ದನ್ನು ಒಪ್ಪಿಕೊಳ್ಳುವ ಸಮಾಧಾನ, ಆಗುವುದನ್ನು ಬದಲಾಯಿಸುವ ಧೈರ್ಯ, ಎರಡರ ವ್ಯತ್ಯಾಸ ತಿಳಿಯುವ ಬುದ್ಧಿ ಕೊಡು ಎಂಬ ಅರ್ಥದ್ದು. ಆಮೇಲೆ ಎಎ ಅಂದರೆ ಏನು ಎಂದು ಓದುತ್ತಾರೆ. ಸದಸ್ಯನಾಗಲು ಬೇಕಾದ್ದು ಒಂದೇ, ಕುಡಿತ ಬಿಡಬೇಕೆಂಬ ಆಸೆ. ಬಿಟ್ಟಿರಬೇಕು ಅಂತ ಅಲ್ಲ, ಗಮನಿಸಿ.

ನಂತರ ಷೇರಿಂಗ್. ಒಬ್ಬೊಬ್ಬರೇ ತಮ್ಮ ಹೆಸರು ಹೇಳಿ, "ನಾನೊಬ್ಬ ಆಲ್ಕೋಹಾಲಿಕ್" ಎಂದು ಸೇರಿಸಿ, ಮೊದಲು ಹೇಗಿದ್ದೆ, ಏನಾಯಿತು, ಈಗ ಹೇಗಿದ್ದೇನೆ ಎಂದು ಮಾತಾಡುತ್ತಾರೆ. ಎಲ್ಲರೂ ಅವರ ಹೆಸರು ಹಿಡಿದು ನಮಸ್ಕಾರ ಹೇಳುತ್ತಾರೆ. ಮಧ್ಯೆ ಬಾಯಿ ಹಾಕುವ ಹಾಗಿಲ್ಲ. ಬುದ್ಧಿ ಹೇಳುವ ಹಾಗಿಲ್ಲ. ಮನೆಯಲ್ಲಿ, ಅಂಗಡಿಯಲ್ಲಿ, ನೆಂಟರ ಮದುವೆಯಲ್ಲಿ ಬರೀ ಬುದ್ಧಿಮಾತು ಕೇಳಿ ಸಾಕಾದವನಿಗೆ ಇದೊಂದು ದೊಡ್ಡ ರಿಲೀಫ್.

ನಿಮ್ಮನ್ನೂ "ಏನಾದರೂ ಹೇಳ್ತೀರಾ?" ಎನ್ನಬಹುದು. "ಇವತ್ತು ಕೇಳ್ತೀನಿ ಸರ್" ಅಂದರೆ ಆಯಿತು, ಯಾರೂ ಒತ್ತಾಯ ಮಾಡುವುದಿಲ್ಲ. ಅಳು ಬಂದರೆ ಅತ್ತುಬಿಡಿ. ನಗು ಬಂದರೂ ನಗಿ, ಎಎ ಮೀಟಿಂಗಿನಲ್ಲಿ ಜನ ಇಷ್ಟು ನಗುತ್ತಾರೆ ಎಂದು ಹೊರಗಿನವರು ಊಹಿಸಿರುವುದಿಲ್ಲ. ಒಬ್ಬರು ಬಾಟಲಿಯನ್ನು ನೀರಿನ ಸಂಪಿನಲ್ಲಿ ದಾರ ಕಟ್ಟಿ ಇಳಿಬಿಟ್ಟಿದ್ದ ಕಥೆ ಹೇಳಿದರೆ, ಇನ್ನೊಬ್ಬರಿಗೆ ತಾವು ಬಚ್ಚಿಟ್ಟಿದ್ದ ಅಕ್ಕಿ ಡಬ್ಬ ನೆನಪಾಗುತ್ತದೆ.

ಕೊನೆಗೆ ಒಂದು ಚೀಲವೋ ಡಬ್ಬಿಯೋ ಕೈಯಿಂದ ಕೈಗೆ ಬರುತ್ತದೆ. ಬಾಡಿಗೆಗೆ, ಟೀಗೆ. ಇಷ್ಟ ಇದ್ದರೆ ಹತ್ತು ರೂಪಾಯಿ ಹಾಕಿ, ಇಲ್ಲದಿದ್ದರೆ ಮುಂದೆ ದಾಟಿಸಿ. ಹೊಸಬರಿಗೆ ಹಾಕಬೇಡಿ ಎಂದೇ ಹೇಳುತ್ತೇವೆ. ಎಎಗೆ ಫೀಸ್ ಇಲ್ಲ, ಹೊರಗಿನ ದೇಣಿಗೆಯನ್ನೂ ತಗೊಳ್ಳುವುದಿಲ್ಲ. ಎಎ ಹೆಸರು ಹೇಳಿ ಅಡ್ವಾನ್ಸ್ ಕೇಳಿದರೆ ಅದು ಎಎ ಅಲ್ಲ.

"ಕುಡಿದು ಬಂದರೆ?" ಬನ್ನಿ. ಗಲಾಟೆ ಮಾಡದೆ ಕೂತರೆ ಸಾಕು. ಆ ದಿನ ಮಾತಾಡುವುದು ಬೇಡ, ಕೇಳಿಸಿಕೊಳ್ಳಿ ಎನ್ನುತ್ತೇವೆ. ಗಾಡಿ ಮಾತ್ರ ತರಬೇಡಿ.

"ಗುರುತಿನವರು ಸಿಕ್ಕಿದರೆ?" ಸಿಗುತ್ತಾರೆ. ನನಗೆ ಸಿಕ್ಕವರು ಗಿರಾಕಿಯೊಬ್ಬರ ಮಾವ. ಅವರೂ ಅಲ್ಲಿಗೆ ಬಂದಿದ್ದು ಅದೇ ಕಾರಣಕ್ಕೆ ಅಲ್ವಾ? ಇವತ್ತಿಗೂ ಆ ಮನೆಯ ಬ್ಲೌಸ್ ಹೊಲಿಯುತ್ತೇನೆ, ಆ ಯಜಮಾನರು ಅಂಗಡಿಗೆ ಬಂದರೆ ಮಳೆ ಬಗ್ಗೆ ಮಾತಾಡುತ್ತೇವೆ. ಹಾಜರಿ ಪುಸ್ತಕ ಇಲ್ಲ, ಫೋಟೋ ತೆಗೆಯುವುದಿಲ್ಲ, ಮನೆಗೆ ಪತ್ರ ಬರುವುದಿಲ್ಲ.

ಹೆಂಗಸರಿಗೆ ಇದು ಇನ್ನೂ ಕಷ್ಟ. ಗಂಡಸು ಕುಡಿದರೆ ಚಟ ಎನ್ನುವ ಊರು, ಹೆಂಗಸು ಕುಡಿದರೆ ನಡತೆಯ ಮಾತೆತ್ತುತ್ತದೆ. ಫೋನ್ ಮಾಡುವಾಗಲೇ "ಹೆಂಗಸರು ಬರುವ ಮೀಟಿಂಗ್ ಯಾವುದು, ಒಬ್ಬ ಮಹಿಳಾ ಸದಸ್ಯರ ಜೊತೆ ಮಾತಾಡಿಸ್ತೀರಾ?" ಎಂದು ಕೇಳಿ. ಅವರ ಜೊತೆಗೇ ಬನ್ನಿ. ಜೂಮ್‌ನಲ್ಲಿ ಹೆಂಗಸರದ್ದೇ ಮೀಟಿಂಗ್‌ಗಳೂ ನಡೆಯುತ್ತವೆ, ಕ್ಯಾಮೆರಾ ಆಫ್ ಮಾಡಿ ಸುಮ್ನೆ ಕೇಳಬಹುದು.

ಒಂದೇ ಮೀಟಿಂಗ್ ನೋಡಿ "ಇದು ನನಗಲ್ಲ" ಅನ್ನಬೇಡಿ. ಮೊದಲ ಟ್ರಯಲ್‌ಗೇ ಯಾವ ಬ್ಲೌಸೂ ಸರಿಯಾಗಿ ಕೂರುವುದಿಲ್ಲ. ಒಂದು ಗುಂಪಿನಲ್ಲಿ ಬರೀ ಪುಸ್ತಕ ಓದುತ್ತಾರೆ, ಇನ್ನೊಂದರಲ್ಲಿ ಒಬ್ಬರೇ ಅರ್ಧ ಗಂಟೆ ಮಾತಾಡುತ್ತಾರೆ, ಒಂದು ಕಡೆ ಎಲ್ಲ ನಿವೃತ್ತರು, ಇನ್ನೊಂದು ಕಡೆ ಸಾಫ್ಟ್‌ವೇರ್ ಹುಡುಗರು. ಬೇರೆ ಬೇರೆ ದಿನ, ಬೇರೆ ಬೇರೆ ಏರಿಯಾ ನೋಡಿ. ನಿಮ್ಮದೇ ಕಥೆಯನ್ನು ಇನ್ನೊಬ್ಬರ ಬಾಯಲ್ಲಿ ಕೇಳಿದ ಕಡೆ ಕೂತುಬಿಡಿ.

ಕುಡುಕನ ಮಾತನ್ನು ಕುಡುಕ ಕೇಳಿದರೆ ಏನು ಉಪಯೋಗ ಎಂದು ಓದಿದವರು ಕೇಳುತ್ತಾರೆ. ಎಎ ಶುರುವಾಗಿದ್ದೇ ಹಾಗೆ. 1935ರಲ್ಲಿ, ಅಮೆರಿಕದ ಆಕ್ರನ್ ಎಂಬ ಊರಿನಲ್ಲಿ. ನ್ಯೂಯಾರ್ಕಿನ ಒಬ್ಬ ಷೇರು ವ್ಯವಹಾರದವನು ಕುಡಿತ ಬಿಟ್ಟು ಕೆಲವು ತಿಂಗಳಾಗಿತ್ತು. ಕೆಲಸ ಕೆಟ್ಟು, ಮತ್ತೆ ಕುಡಿಯುವ ಹಾಗಾದಾಗ ಮಾತಾಡಲು ಇನ್ನೊಬ್ಬ ಕುಡುಕನನ್ನು ಹುಡುಕಿದ. ಸಿಕ್ಕಿದ್ದು ಒಬ್ಬ ಸರ್ಜನ್. ಆ ಸರ್ಜನ್‌ಗೆ ಕುಡಿತ ದೇಹಕ್ಕೆ ಏನು ಮಾಡುತ್ತದೆ ಎಂಬ ಪಾಠ ಬೇಕಿರಲಿಲ್ಲ, ಅವನೇ ಡಾಕ್ಟರು. ಬೇಕಿದ್ದದ್ದು ತನ್ನ ಹಾಗೇ ಕುಡಿದು ನಿಲ್ಲಿಸಿದವನ ಮಾತು.

ಹಳ್ಳಿಯಲ್ಲಿದ್ದರೆ

ಎಎ ಜಾಸ್ತಿ ಇರುವುದು ಪಟ್ಟಣಗಳಲ್ಲಿ. ಹಳ್ಳಿ, ಹೋಬಳಿ ಕಡೆ ಇರುವವರಿಗೆ ಇನ್ನೊಂದು ದಾರಿ ಇದೆ, ಧರ್ಮಸ್ಥಳದವರ ಮದ್ಯವರ್ಜನ ಶಿಬಿರ. ಜನಜಾಗೃತಿ ವೇದಿಕೆ ಮತ್ತು ಗ್ರಾಮಾಭಿವೃದ್ಧಿ ಯೋಜನೆಯವರು ಊರಿನ ಸಮುದಾಯ ಭವನದಲ್ಲೋ, ಕಲ್ಯಾಣ ಮಂಟಪದಲ್ಲೋ ಸಾಮಾನ್ಯವಾಗಿ ಎಂಟು ದಿನ ನಡೆಸುತ್ತಾರೆ. ಬೆಳ್ತಂಗಡಿ ಹತ್ತಿರ ಲಾಯಿಲದಲ್ಲಿ ಅವರದ್ದೇ ವ್ಯಸನಮುಕ್ತಿ ಕೇಂದ್ರವೂ ಇದೆ. ನಿಮ್ಮ ಮನೆಯಲ್ಲಿ ಯಾರಾದರೂ ಧರ್ಮಸ್ಥಳ ಸಂಘದಲ್ಲಿ ಇದ್ದರೆ ಅವರ ಸೇವಾಪ್ರತಿನಿಧಿಯನ್ನು ಕೇಳಿ, ಮುಂದಿನ ಶಿಬಿರ ಎಲ್ಲಿ ಎಂದು ತಿಳಿಯುತ್ತದೆ.

ನನ್ನ ತಂಗಿ ಗಂಡ ಬಿಟ್ಟಿದ್ದು ಶಿಬಿರದಲ್ಲೇ. ಅಲ್ಲಿ ಭಜನೆ ಇರುತ್ತದೆ, ಯೋಗ ಇರುತ್ತದೆ, ಕೊನೆ ಕೊನೆಗೆ ಹೆಂಡತಿ ಮಕ್ಕಳನ್ನು ಕರೆಸುತ್ತಾರೆ. ಎಎಯಲ್ಲಿ ಎಲ್ಲವೂ ಗುಟ್ಟು, ಶಿಬಿರದಲ್ಲಿ ಊರಿಗೇ ಗೊತ್ತು. ನನ್ನಂಥವನಿಗೆ ಗುಟ್ಟೇ ಬೇಕಿತ್ತು. ಅವನಿಗೆ ಊರಿಗೆ ಗೊತ್ತಾಗಿದ್ದೇ ಒಳ್ಳೆಯದಾಯಿತು, ಈಗ ಪೆಟ್ಟಿಗೆ ಅಂಗಡಿಯವನೂ ಅವನಿಗೆ ಟೆಟ್ರಾ ಪ್ಯಾಕ್ ಕೊಡುವುದಿಲ್ಲ. ಆದರೆ ಎಂಟು ದಿನ ಮುಗಿಸಿ ಹಾರ ಹಾಕಿಸಿಕೊಂಡು ಬಂದರೆ ಕೆಲಸ ಮುಗಿಯಿತು ಅಂದುಕೊಳ್ಳಬಾರದು. ಶಿಬಿರ ಮುಗಿಸಿದವರಿಗೆ ನವಜೀವನ ಸಮಿತಿ ಅಂತ ಇರುತ್ತದೆ, ಪಾನಮುಕ್ತರೆಲ್ಲ ಸೇರಿ ಕೂರುವುದು. ಅದೇ ನಿಜವಾದ ಸಪೋರ್ಟ್ ಗ್ರೂಪ್. ಅಲ್ಲಿಗೆ ಹೋಗುವುದನ್ನು ಬಿಡಬೇಡಿ.

ದುಡ್ಡು ಕೊಟ್ಟು ಸೇರಿಸುವ ರಿಹ್ಯಾಬ್ ಸೆಂಟರ್‌ಗಳ ಬಗ್ಗೆ ಎಚ್ಚರ. ಒಳ್ಳೆಯವೂ ಇವೆ. ರಾತ್ರಿ ಗಾಡಿಯಲ್ಲಿ ಬಂದು ಎತ್ತಿಕೊಂಡು ಹೋಗುತ್ತೇವೆ, ಮೂರು ತಿಂಗಳು ಫೋನ್ ಮಾಡಬೇಡಿ ಎನ್ನುವವರೂ ಇದ್ದಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಇಂಥ ಕೇಂದ್ರಗಳು ರಾಜ್ಯದ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿ ಆಗಿರಬೇಕು. ಆ ಸರ್ಟಿಫಿಕೇಟ್ ತೋರಿಸಿ ಎನ್ನಿ. ಡಾಕ್ಟರು ಯಾವ ದಿನ ಬರುತ್ತಾರೆ ಎಂದು ಕೇಳಿ, ಒಳಗಿನ ರೂಮು ನೋಡಬೇಕು ಎನ್ನಿ. ಬೇಡ ಎಂದರೆ ಅಲ್ಲಿಂದ ಎದ್ದು ಬನ್ನಿ.

ಮನೆಯವರಿಗೆ

ಅವರು ಬರದಿದ್ದರೂ ನೀವು ಹೋಗಬಹುದು. ಕುಡಿಯುವವರ ಮನೆಯವರಿಗೆ ಅಂತಲೇ ಅಲ್-ಅನಾನ್ ಎಂಬ ಬೇರೆ ಗುಂಪಿದೆ. ನನ್ನ ಹೆಂಡತಿ ನನಗಿಂತ ಮೊದಲೇ ಹೋಗಲು ಶುರು ಮಾಡಿದ್ದಳು. ನನ್ನ ಜೇಬು ಹುಡುಕುವುದು ನಿಲ್ಲಿಸಿದಳು. "ಇವರಿಗೆ ಜ್ವರ" ಎಂದು ಗಿರಾಕಿಗಳಿಗೆ ಸುಳ್ಳು ಹೇಳುವುದನ್ನೂ ನಿಲ್ಲಿಸಿದಳು. ಹಬ್ಬದ ಮುಂಚೆ ಬ್ಲೌಸ್ ಕೇಳಲು ಬಂದವರ ಮುಂದೆ ನಾನೇ ನಿಂತು ಉತ್ತರ ಹೇಳಬೇಕಾಯಿತು. ಆಗ ಬಂದ ಸಿಟ್ಟು ಅಷ್ಟಿಷ್ಟಲ್ಲ. ಈಗ ಅನಿಸುತ್ತದೆ, ಎಷ್ಟೋ ಬೈಗುಳ ಮಾಡದ ಕೆಲಸವನ್ನು ಅದು ಮಾಡಿತು.

ಎರಡನೇ ವಾರದಿಂದ

ಮೀಟಿಂಗಿನಿಂದ ಹೊರಡುವ ಮುಂಚೆ ಇಬ್ಬರು ಮೂವರ ನಂಬರ್ ತಗೊಳ್ಳಿ. ಕುಡಿಯಬೇಕು ಅನಿಸಿದಾಗ, ಕುಡಿಯುವ ಮುಂಚೆ ಫೋನ್ ಮಾಡಬೇಕು, ಕುಡಿದ ಮೇಲಲ್ಲ. ಸ್ವಲ್ಪ ದಿನ ಹೋದ ಮೇಲೆ ಒಬ್ಬರನ್ನು ಸ್ಪಾನ್ಸರ್ ಆಗಿ ಎಂದು ಕೇಳಿಕೊಳ್ಳಿ. ಬಿಟ್ಟು ವರ್ಷಗಳಾದವರು, ನಿಮಗೆ ಹೆಜ್ಜೆಗಳನ್ನು ಒಂದೊಂದೇ ಹೇಳಿಕೊಡುವವರು. ಗಂಡಸರಿಗೆ ಗಂಡಸು, ಹೆಂಗಸರಿಗೆ ಹೆಂಗಸು. ಸಾಲ ಕೇಳಬೇಡಿ, ಕೊಡಲೂ ಬೇಡಿ. ಗುಂಪಿನಲ್ಲಿ ಜಗಳ ಬಂದರೆ ಸಾಮಾನ್ಯವಾಗಿ ಅದರಿಂದಲೇ.

ಮೊದಲ 90 ದಿನ 90 ಮೀಟಿಂಗ್ ಎನ್ನುತ್ತಾರೆ ಹಳಬರು. ಅಂಗಡಿ ಇಟ್ಟುಕೊಂಡವನಿಗೆ, ಶಿಫ್ಟ್ ಕೆಲಸದವನಿಗೆ ಅದು ಆಗುತ್ತದಾ? ಆದಷ್ಟು. ಲೆಕ್ಕಕ್ಕಿಂತ ಹೊತ್ತು ಮುಖ್ಯ. ನಿಮ್ಮ ಕುಡಿಯುವ ಹೊತ್ತು ಯಾವುದೋ ಆ ಹೊತ್ತಿಗೆ ಮೀಟಿಂಗಿನಲ್ಲಿರಿ. ನನಗೆ ಅದು ಸಂಜೆ ಏಳೂವರೆ, ಶಟರ್ ಎಳೆಯುವ ಹೊತ್ತು. ಅದಕ್ಕೇ ಮೀಟಿಂಗ್ ದಿನ ಆರಕ್ಕೇ ಅಂಗಡಿ ಮುಚ್ಚುತ್ತೇನೆ. ಸಂಬಳದ ದಿನ, ಊರ ಜಾತ್ರೆ, ತಿಥಿ ಆದ ಮಾರನೇ ದಿನದ ಬಾಡೂಟ, ಹೊಸ ವರ್ಷದ ರಾತ್ರಿ, ಇವನ್ನು ಮೊದಲೇ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಟ್ಟು, ಆ ದಿನ ಯಾರ ಜೊತೆ ಇರುತ್ತೀರಿ ಎಂದು ನಿರ್ಧಾರ ಮಾಡಿ. ಹಸಿವು, ಸಿಟ್ಟು, ಒಂಟಿತನ, ಸುಸ್ತು, ಈ ನಾಲ್ಕರಲ್ಲಿ ಒಂದಿದ್ದರೂ ಎಣ್ಣೆ ನೆನಪಾಗುತ್ತದೆ ಎನ್ನುತ್ತಾರೆ. ಹಸಿವಿಗಂತೂ ಪರಿಹಾರ ಸುಲಭ. ನನ್ನ ಮೆಷಿನ್ ಡ್ರಾಯರ್‌ನಲ್ಲಿ ಬಾಬಿನ್ ಪಕ್ಕ ಯಾವಾಗಲೂ ಕಡಲೆ ಮಿಠಾಯಿ ಇರುತ್ತದೆ.

ಮಧ್ಯೆ ಜಾರಿದರೆ ಅದನ್ನು ಸ್ಲಿಪ್ ಎನ್ನುತ್ತೇವೆ. ಮತ್ತೆ ಬನ್ನಿ. ಯಾವ ಮುಖ ಇಟ್ಟುಕೊಂಡು ಬರಲಿ ಎಂದು ಮನೆಯಲ್ಲೇ ಕೂತವರು ಕೂತೇ ಇರುತ್ತಾರೆ. ದಿನಾ ಕುಡಿತ ಮತ್ತೆ ಶುರುವಾಗಿದ್ದರೆ ಮೇಲೆ ಹೇಳಿದ ಡಾಕ್ಟರ ಮಾತು ಮತ್ತೆ ಅನ್ವಯಿಸುತ್ತದೆ.

ಕೊನೆಯದಾಗಿ, ಒಂದು ಕೆಲಸ ಕೇಳಿ ತಗೊಳ್ಳಿ. ಕುರ್ಚಿ ಹಾಕುವುದು, ಲೋಟ ತೊಳೆಯುವುದು, ಬ್ಯಾನರ್ ಸುತ್ತಿಡುವುದು, ಯಾವುದಾದರೂ. ಕೆಲಸ ಇದ್ದವನು ಮಳೆ ಬಂದರೂ ಬರುತ್ತಾನೆ, ಬೀಗದ ಕೈ ಅವನ ಹತ್ತಿರ ಇರುತ್ತದಲ್ಲ. ನಮ್ಮ ಗುಂಪಿನಲ್ಲಿ ಸದ್ಯಕ್ಕೆ ಟೀ ಕೆಲಸಕ್ಕೆ ಜನ ಬೇಕು. ಸಕ್ಕರೆ ಜಾಸ್ತಿ ಹಾಕಬೇಕು, ಕುಡಿತ ಬಿಟ್ಟ ಹೊಸದರಲ್ಲಿ ಎಲ್ಲರೂ ಸಿಹಿ ಕೇಳುತ್ತಾರೆ.